ಟ್ಯೂಬ್‌ಲೈಟ್ ಬೆಳಕಿನ ಪಟ್ಟೆ, ಮೋಟಾರ್ ಸದ್ದು, ಒಡೆದ ಒತ್ತಕ್ಷರ

ಪ್ರಶ್ನೆ: ನಮ್ಮದು ರೇಷ್ಮೆ ನೂಲು ಬಿಚ್ಚಾಣಿಕೆ ಘಟಕ. ಗೂಡು ಬೇಯಿಸುವುದರಿಂದ ನೂಲು ಸುತ್ತುವವರೆಗಿನ ಕೆಲಸವನ್ನು ಒಂದು ನಿಮಿಷದಲ್ಲಿ ತೋರಿಸಲು ಫೋನಿನಲ್ಲಿ ಮುಕ್ಕಾಲು ಗಂಟೆ ವಿಡಿಯೊ ತೆಗೆದೆ. ಚಿತ್ರದ ತುಂಬ ಕಪ್ಪು ಪಟ್ಟೆಗಳು. ಅಪ್ಪ ವಿವರಿಸಿದ್ದು ಮೋಟಾರ್ ಸದ್ದಿನಲ್ಲಿ ಕೇಳುವುದೇ ಇಲ್ಲ. ಎಡಿಟಿಂಗ್‌ನಲ್ಲಿ ಸರಿಹೋಗುತ್ತದೆಯೇ?
– ಓದುಗರು, ಶಿಡ್ಲಘಟ್ಟ

ಉತ್ತರ: ಫೋನಿನ ಎಡಿಟಿಂಗ್ ಆ್ಯಪ್‌ಗಳಲ್ಲಿ ಆಗದ ಕೆಲಸ. ಮತ್ತೆ ತೆಗೆಯಿರಿ, ಅದೇ ಸುಲಭ.

ನಮ್ಮ ಕರೆಂಟು 50 ಹರ್ಟ್ಜ್. ಹಾಗಾಗಿ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬುಗಳ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಕಣ್ಣಿಗೆ ಗೊತ್ತಾಗದು. ಆದರೆ ಫೋನಿನ ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ. ಕೆಲವು ಸಾಲಿಗೆ ಹೆಚ್ಚು ಬೆಳಕು, ಕೆಲವಕ್ಕೆ ಕಡಿಮೆ. ಅದೇ ಪಟ್ಟೆ. ಕ್ಯಾಮೆರಾವನ್ನು ನಾವೇ ಹೊಂದಿಸುವ ಪ್ರೊ ಮೋಡ್‌ನಲ್ಲಿ ಶಟರ್, ಅಂದರೆ ಸೆನ್ಸರ್ ಬೆಳಕು ಹಿಡಿಯುವ ಅವಧಿಯನ್ನು, 1/50 ಅಥವಾ 1/100 ಸೆಕೆಂಡಿಗೆ ನಿಲ್ಲಿಸಿದರೆ ಎಲ್ಲ ಸಾಲಿಗೂ ಒಂದೇ ಪ್ರಮಾಣದ ಬೆಳಕು ಬೀಳುತ್ತದೆ. 1/60 ಇಟ್ಟರೆ ಪಟ್ಟೆ ಉಳಿಯುತ್ತದೆ. ಬಾಗಿಲ ಬಿಸಿಲು ಕಂಡ ಫೋನು ತಾನಾಗಿಯೇ 1/500ಕ್ಕೆ ಹೋದರಂತೂ ಟ್ಯೂಬ್‌ಲೈಟ್ ಬಿದ್ದ ಭಾಗದಲ್ಲಿ ಇನ್ನೂ ಕೆಟ್ಟದಾಗಿ ಕಾಣುತ್ತದೆ. ಪ್ರೊ ಮೋಡ್ ಇಲ್ಲವೇ? ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ‘ಆ್ಯಂಟಿ ಫ್ಲಿಕರ್’ ಅಥವಾ ‘ಆ್ಯಂಟಿ ಬ್ಯಾಂಡಿಂಗ್’ ಇದ್ದರೆ 50 ಹರ್ಟ್ಜ್ ಆರಿಸಿ. ಅದೂ ಇಲ್ಲದಿದ್ದರೆ ಲೈಟು ಆಫ್ ಮಾಡಿ ಹಗಲು ಬೆಳಕಿನಲ್ಲೇ ತೆಗೆಯಿರಿ.

ಬಿಸಿನೀರಿನ ಬೇಸಿನ್ ಹತ್ತಿರ ಲೆನ್ಸ್ ಮಂಜಾಗುತ್ತದೆ. ಶುರುಮಾಡುವ ಮೊದಲು ಐದಾರು ನಿಮಿಷ ಫೋನನ್ನು ಆ ಬಿಸಿಗೆ ಒಗ್ಗಿಸಿ, ಹತ್ತಿ ಬಟ್ಟೆಯಲ್ಲಿ ಒರೆಸಿ. ಹಬೆ ಚೆನ್ನಾಗಿ ಕಾಣಬೇಕಾದರೆ ಬೆಳಕು ಪಕ್ಕದಿಂದಲೋ ಹಿಂದಿನಿಂದಲೋ ಬರಬೇಕು, ಹಿನ್ನೆಲೆ ಕಪ್ಪಗಿರಬೇಕು. ಒದ್ದೆ ಗೂಡು ಬೆಳ್ಳಗೆ ಹೊಳೆದು ವಿವರವೆಲ್ಲ ಅಳಿಸಿಹೋಗುತ್ತದೆ. ಗೂಡಿನ ಮೇಲೆ ಬೆರಳೊತ್ತಿ ಹಿಡಿದು ಎಕ್ಸ್‌ಪೋಷರ್ (ಚಿತ್ರಕ್ಕೆ ಬೀಳುವ ಬೆಳಕಿನ ಪ್ರಮಾಣ) ಲಾಕ್ ಮಾಡಿ, ಬೆಳಕು ಸ್ವಲ್ಪ ಇಳಿಸಿ.

ಮುಕ್ಕಾಲು ಗಂಟೆಯ ವಿಡಿಯೊ ಬೇಕಿಲ್ಲ. ಇಪ್ಪತ್ತು ಶಾಟ್, ಒಂದೊಂದೂ ಫೋನು ಅಲುಗಿಸದೆ 10 ಸೆಕೆಂಡ್. ಅರ್ಧದಷ್ಟಾದರೂ ಹತ್ತಿರದ ಶಾಟ್ ಇರಲಿ: ಎಳೆಯ ತುದಿ ಹುಡುಕುವ ಬೆರಳು, ಹಲವು ಗೂಡುಗಳ ಎಳೆ ಸೇರಿ ಒಂದೇ ನೂಲಾಗುವ ಜಾಗ. ನೋಡುವವರನ್ನು ಹಿಡಿದು ನಿಲ್ಲಿಸುವುದು ಅದೇ.

ಅಪ್ಪನ ಮಾತನ್ನು ಮೋಟಾರ್ ನಿಂತ ಮೇಲೆ, ಹಾಸಿಗೆ–ಬಟ್ಟೆಗಳಿರುವ ಕೋಣೆಯಲ್ಲಿ ಬೇರೆಯಾಗಿ ರೆಕಾರ್ಡ್ ಮಾಡಿ. ಖಾಲಿ ಗೋಡೆಯ ಕೋಣೆ ಪ್ರತಿಧ್ವನಿ ಕೊಡುತ್ತದೆ. ಫೋನು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿರಲಿ. ನೇರ ಹಿಡಿದರೆ ‘ಪ’, ‘ಬ’ಗಳ ಉಸಿರು ಬಡಿಯುತ್ತದೆ. ಮೋಟಾರ್ ಸದ್ದನ್ನೂ ಅರ್ಧ ನಿಮಿಷ ಪ್ರತ್ಯೇಕವಾಗಿ ತೆಗೆದಿಡಿ.

ಎಡಿಟಿಂಗ್‌ನಲ್ಲಿ ಮೊದಲು ಮಾತನ್ನು 50–55 ಸೆಕೆಂಡಿಗೆ ಇಳಿಸಿ, ಆಮೇಲೆ ಅದರ ಮೇಲೆ ಚಿತ್ರ ಜೋಡಿಸಿ. ಒಂದು ಶಾಟಿಗೆ ಮೂರ್ನಾಲ್ಕು ಸೆಕೆಂಡ್ ಸಾಕು. ಮೋಟಾರ್ ಸದ್ದು ಮಾತಿನಡಿ ಸಣ್ಣಗಿರಲಿ, ಮಾತು ನಿಂತಲ್ಲಿ ಏರಲಿ. ಚಿತ್ರ ತಿರುಗುವ, ಸಿಡಿಯುವ ಟ್ರಾನ್ಸಿಷನ್‌ಗಳ ಸಹವಾಸ ಬೇಡ.

ಪ್ರಶ್ನೆ: ಟೊಮೆಟೊ ಹರಾಜಿನ ವಿಡಿಯೊಗೆ ಕನ್ನಡ ಸಬ್‌ಟೈಟಲ್ ಹಾಕಿದರೆ ಅಕ್ಷರ ಒಡೆಯುತ್ತದೆ. ಕೆಳಗಿನ ಸಾಲು ಮುಚ್ಚಿಹೋಗುತ್ತದೆ.
– ಓದುಗರು, ಕೋಲಾರ

ಉತ್ತರ: ‘ನುಡಿ’ ತಂತ್ರಾಂಶದ ಹಳೆಯ ಎನ್‌ಕೋಡಿಂಗ್‌ನಲ್ಲಿ (ಅಕ್ಷರ ಸಂಕೇತ ಪದ್ಧತಿ) ಟೈಪಿಸಿದ್ದನ್ನು ಅಂಟಿಸಿದರೆ ಗೋಜಲು ಅಕ್ಷರ ಬರುತ್ತದೆ, ಯುನಿಕೋಡ್‌ನಲ್ಲಿ ಟೈಪಿಸಿ. ಯುನಿಕೋಡ್‌ನಲ್ಲೂ ‘ಮಾರುಕಟ್ಟೆ’ಯ ಒತ್ತು ಪಕ್ಕಕ್ಕೆ ಜಾರಿದರೆ ನೋಟೊ ಸಾನ್ಸ್ ಕನ್ನಡದಂಥ ಫಾಂಟ್ ಹಾಕಿ ನೋಡಿ. ಆಗಲೂ ಒಡೆದರೆ ದೋಷ ಆ್ಯಪ್‌ನದು: ಸಾಲನ್ನು ಬೇರೆ ಆ್ಯಪ್‌ನಲ್ಲಿ ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರವಾಗಿ ಮಾಡಿ, ವಿಡಿಯೊ ಮೇಲೆ ಕೂರಿಸಿ. ರೀಲ್ಸ್, ಶಾರ್ಟ್ಸ್‌ಗಳಂಥ ನಿಲುವು ವಿಡಿಯೊದ ಕೆಳಗಿನ ಕಾಲು ಭಾಗವನ್ನು ಹೆಸರು, ಶೀರ್ಷಿಕೆಗಳೂ ಬಲ ಅಂಚನ್ನು ಬಟನ್‌ಗಳೂ ಮುಚ್ಚುತ್ತವೆ. ಸಬ್‌ಟೈಟಲನ್ನು ಅವೆರಡನ್ನೂ ಬಿಟ್ಟು ನಡುವಿಗಿಂತ ತುಸು ಕೆಳಗೆ, ಎರಡು ಸಾಲು ಮೀರದಂತೆ ಇಡಿ.