ಗೋದಲಿಯೊಳಗೆ ಭತ್ತದ ಗದ್ದೆ

ಪ್ರಶ್ನೆ: ಮಂಗಳೂರಿನ ನಮ್ಮ ನೆರೆಮನೆಯವರು ಪ್ರತಿ ಡಿಸೆಂಬರಿನಲ್ಲಿ ಗೋದಲಿ ಕಟ್ಟುತ್ತಾರೆ. ಬಾಲಯೇಸುವಿನ ಸುತ್ತ ಎತ್ತು, ಕತ್ತೆ ಇರುತ್ತವೆ. ಜೊತೆಗೆ ಬಾವಿ, ಹೆಂಚಿನ ಮನೆ, ಹಸಿರು ಗದ್ದೆ. ಬೆತ್ಲೆಹೇಮಿನಲ್ಲಿ ಭತ್ತದ ಗದ್ದೆ ಎಲ್ಲಿತ್ತು? ಈ ಪದ್ಧತಿ ಎಲ್ಲಿಂದ ಬಂತು?

ಉತ್ತರ: ಮೊದಲು ಹೆಸರನ್ನೇ ನೋಡಿ. ಗೋದಲಿ ಎಂದರೆ ದನಗಳಿಗೆ ಮೇವು ಹಾಕುವ ತೊಟ್ಟಿ, ರೈತರ ಹಟ್ಟಿಯ ಮಾತು. ಲೂಕನ ಸುವಾರ್ತೆಯಲ್ಲಿ ಮರಿಯಳು ಕೂಸನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸಿದ್ದು ಇದರಲ್ಲೇ. ಅಲ್ಲಿ ಎತ್ತಿನ ಸುದ್ದಿಯೂ ಇಲ್ಲ, ಕತ್ತೆಯ ಸುದ್ದಿಯೂ ಇಲ್ಲ. ಅವೆರಡೂ ಬಂದದ್ದು ಹಳೆಯ ಒಡಂಬಡಿಕೆಯ ಯೆಶಾಯನ ಗ್ರಂಥದಿಂದ. ಎತ್ತು ತನ್ನ ಒಡೆಯನನ್ನು ಬಲ್ಲದು, ಕತ್ತೆ ಯಜಮಾನನ ಗೋದಲಿಯನ್ನು ಬಲ್ಲದು, ನನ್ನ ಜನರಿಗೆ ಮಾತ್ರ ತಿಳಿವಳಿಕೆಯಿಲ್ಲ ಎಂದು ದೇವರು ನೊಂದು ನುಡಿಯುವ ಸಾಲು ಅದರ ಮೊದಲ ಅಧ್ಯಾಯದಲ್ಲಿದೆ. ನಾಲ್ಕನೆಯ ಶತಮಾನದ ಕಲ್ಲಿನ ಶವಪೆಟ್ಟಿಗೆಗಳ ಮೇಲೆಯೇ ಕೂಸಿನ ಪಕ್ಕದಲ್ಲಿ ಈ ಜೋಡಿಯನ್ನು ಕೆತ್ತಿದ್ದಾರೆ.

ಕೆತ್ತನೆಯಲ್ಲಿದ್ದುದನ್ನು ಕಣ್ಣೆದುರಿಗೆ ತಂದವರು ಅಸಿಸಿಯ ಸಂತ ಫ್ರಾನ್ಸಿಸ್. 1223ರ ಕ್ರಿಸ್‌ಮಸ್ ರಾತ್ರಿ, ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದೂರಿನಲ್ಲಿ, ಹುಲ್ಲು ತುಂಬಿದ ಗೋದಲಿಯ ಬಳಿ ಜೀವಂತ ಎತ್ತು, ಕತ್ತೆಗಳನ್ನು ನಿಲ್ಲಿಸಿ ಪೂಜೆ ಏರ್ಪಡಿಸಿದರು. ಜನ ಪಂಜು ಹಿಡಿದು ಕಾಡುದಾರಿಯಲ್ಲಿ ಬಂದರು. ಇದನ್ನು ಬರೆದಿಟ್ಟ, ಫ್ರಾನ್ಸಿಸರ ಮೊದಲ ಜೀವನಚರಿತ್ರೆಕಾರ ತೊಮ್ಮಾಸೊ ದ ಚೆಲಾನೊ ಮರಿಯ, ಜೋಸೆಫರ ಬೊಂಬೆಗಳ ಮಾತನ್ನೇ ಎತ್ತುವುದಿಲ್ಲ. ಆದರೆ ಒಂದು ಸಂಗತಿಯನ್ನು ಮರೆಯದೆ ಹೇಳುತ್ತಾನೆ: ಆ ಹುಲ್ಲನ್ನು ಜನ ಜೋಪಾನವಾಗಿ ಎತ್ತಿಟ್ಟುಕೊಂಡರು, ಅದನ್ನು ತಿಂದ ಕಾಯಿಲೆಯ ದನಗಳು ಗುಣವಾದವು. ನನಗೆ ಇಡೀ ಕಥೆಯಲ್ಲಿ ಅತ್ಯಂತ ಪ್ರಿಯವಾದದ್ದು ಈ ಹುಲ್ಲು.

ಇನ್ನು ನಿಮ್ಮ ಗದ್ದೆಯ ಪ್ರಶ್ನೆ. ಗೋದಲಿ ಹೋದಲ್ಲೆಲ್ಲ ಆ ಊರೇ ಅದರೊಳಗೆ ಬಂದು ಕೂತಿದೆ. 18ನೆಯ ಶತಮಾನದ ನೇಪಲ್ಸ್‌ನಲ್ಲಿ ಮೀನು ಮಾರುವವರು, ತರಕಾರಿಯವರು, ಹೋಟೆಲಿನವರು ಸೇರಿಕೊಂಡರು. ಫ್ರಾನ್ಸಿನ ಮಹಾಕ್ರಾಂತಿಯಲ್ಲಿ ಚರ್ಚುಗಳ ಬಾಗಿಲು ಮುಚ್ಚಿದಾಗ ಆ ದೇಶದ ದಕ್ಷಿಣದ ಪ್ರೊವಾನ್ಸ್ ಪ್ರಾಂತದ ಜನ ಮನೆಯೊಳಗೇ ಗೋದಲಿ ಇಟ್ಟುಕೊಂಡರು. ಅಲ್ಲಿನ ಪುಟ್ಟ ಮಣ್ಣಿನ ಬೊಂಬೆಗಳಾದ ಸಾಂತೋನ್‌ಗಳಲ್ಲಿ ಚಾಕು ಸಾಣೆ ಹಿಡಿಯುವವನೂ ಇದ್ದಾನೆ, ಬೆಳ್ಳುಳ್ಳಿ ಮಾರುವವಳೂ ಇದ್ದಾಳೆ. ನಮ್ಮ ಕರಾವಳಿಗೆ 16ನೆಯ ಶತಮಾನದಲ್ಲಿ ಪೋರ್ಚುಗೀಸರೊಂದಿಗೆ ಬಂದ ಪಾದ್ರಿಗಳಲ್ಲಿ ಇದೇ ಸಂತ ಫ್ರಾನ್ಸಿಸರ ಸಂಘದವರಾದ ಫ್ರಾನ್ಸಿಸ್ಕನ್ನರೂ ಇದ್ದರು. ಗದ್ದೆ, ಬಾವಿ, ಹೆಂಚಿನ ಮನೆಗಳು ಮಾತ್ರ ಇಲ್ಲಿಯವೇ.

ಗೋದಲಿಯ ಹಸಿರಿಗೆಂದು ಕೆಲವರು ವಾರಗಳ ಮೊದಲೇ ತಟ್ಟೆಯಲ್ಲಿ ಭತ್ತವನ್ನೋ ರಾಗಿಯನ್ನೋ ಮೊಳಕೆ ಬರಿಸುತ್ತಾರೆ. ಪ್ರೊವಾನ್ಸಿನವರೂ ಡಿಸೆಂಬರ್ 4ರಂದು, ಸಂತ ಬಾರ್ಬರಾಳ ದಿನ, ಮೂರು ಬಟ್ಟಲುಗಳಲ್ಲಿ ಗೋಧಿ ಬಿತ್ತಿ ನೀರೆರೆಯುತ್ತಾರೆ. ಪೈರು ನೇರವಾಗಿ, ಹಸಿರಾಗಿ ಎದ್ದರೆ ಮುಂದಿನ ಬೆಳೆ ಚೆನ್ನಾಗಿರುತ್ತದೆ ಎಂಬುದು ಅವರ ನಂಬಿಕೆ.