ಸಂಜೆಗೆ ಹದಿನಾಲ್ಕು ಎಕ್ಸೆಲ್

ಪ್ರಶ್ನೆ: ನಾನು ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಭತ್ತದ ತೂಕದ ಚೀಟಿಗಳನ್ನು ಎಕ್ಸೆಲ್‌ಗೆ ತುಂಬಿ ಪ್ರಿಂಟ್ ತೆಗೆಯಲು ಪೈಥಾನ್‌ನಲ್ಲಿ ಸ್ಕ್ರಿಪ್ಟ್ ಬರೆದಿದ್ದೇನೆ. ದಿನವಿಡೀ ಓಡುತ್ತದೆ, ಅರ್ಧ ಗಂಟೆಗೊಮ್ಮೆ ಎಕ್ಸೆಲ್ ತೆರೆದು ಮುಚ್ಚುತ್ತದೆ. ಸಂಜೆ ಟಾಸ್ಕ್ ಮ್ಯಾನೇಜರ್ ನೋಡಿದರೆ 14 ಎಕ್ಸೆಲ್ ಇರುತ್ತವೆ, ಪರದೆ ಮೇಲೆ ಒಂದೂ ಕಾಣುವುದಿಲ್ಲ. ಎಕ್ಸೆಲ್ ಶುರು ಮಾಡುವ ಸಾಲಿನಲ್ಲಿ ‘ಡಿಸ್ಪ್ಯಾಚ್‌ಎಕ್ಸ್’ ತೆಗೆದು ಬರೀ ‘ಡಿಸ್ಪ್ಯಾಚ್’ ಹಾಕು ಅಂತ ಗೆಳೆಯ ಹೇಳಿದ. ಹಾಕಲೇ ಸರ್? ಸ್ಕ್ರಿಪ್ಟ್ ಜೊತೆಗಿದೆ.
— ಒಬ್ಬ ಓದುಗ, ಗಂಗಾವತಿ

ಉತ್ತರ: ಹಾಕಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ, ಅದು ನಾನು ಬೈಸಿಕೊಂಡು ಕಲಿತ ಪಾಠ.

ನಿಮ್ಮ ಪೈಥಾನ್ ಬೇರೆ, ಎಕ್ಸೆಲ್ ಬೇರೆ. ಎರಡರ ನಡುವೆ ಮಾತು ದಾಟಿಸುವುದು ವಿಂಡೋಸ್‌ನ ‘ಕಾಮ್’ (COM) ಅನ್ನುವ ವ್ಯವಸ್ಥೆ. ಇದರಲ್ಲಿ ಎಕ್ಸೆಲ್, ವರ್ಕ್‌ಬುಕ್, ಶೀಟ್ ಹೀಗೆ ಪ್ರತಿ ವಸ್ತುವೂ ತನ್ನನ್ನು ಎಷ್ಟು ಕಡೆ ಹಿಡಿದಿದ್ದಾರೆ ಅಂತ ಲೆಕ್ಕ ಇಡುತ್ತದೆ. ಹಿಡಿದರೆ ಒಂದು ಕೂಡುತ್ತದೆ, ಬಿಟ್ಟರೆ ಒಂದು ಕಳೆಯುತ್ತದೆ. ಮುಚ್ಚಿಕೋ ಅಂತ ‘ಕ್ವಿಟ್’ ಆಜ್ಞೆ ಕೊಟ್ಟರೂ ಕೊನೆಯ ಗಿರಾಕಿ ಹೋಗುವ ತನಕ ಎಕ್ಸೆಲ್ ಶಟರ್ ಎಳೆಯುವುದಿಲ್ಲ.

ನಿಮ್ಮಲ್ಲಿ ಆ ಗಿರಾಕಿ ಯಾರು? ಮೇಲೆಯೇ ‘ಹಾಳೆಗಳು’ ಅಂತ ಒಂದು ಲಿಸ್ಟ್ ಇಟ್ಟಿದ್ದೀರಿ. ತೆರೆದ ಶೀಟನ್ನೆಲ್ಲ ಅದರೊಳಗೆ ಹಾಕುತ್ತೀರಿ, ಒಮ್ಮೆಯೂ ಖಾಲಿ ಮಾಡುವುದಿಲ್ಲ. ಸ್ಕ್ರಿಪ್ಟ್ ನಿಲ್ಲುವವರೆಗೂ ಆ ಹಿಡಿತ ಬಿಡದು. ಇನ್ನೊಂದು, ‘ಕ್ವಿಟ್’ ಇರುವುದು ಕಟ್ಟಕಡೆಯ ಸಾಲಿನಲ್ಲಿ. ಒಂದು ಚೀಟಿಯಲ್ಲಿ ತೂಕ ಖಾಲಿ ಇದ್ದರೂ ಎರರ್ ಬಂದು, ಎರರ್ ಹಿಡಿಯಲು ನೀವಿಟ್ಟ ‘ಎಕ್ಸೆಪ್ಟ್’ ಅದನ್ನು ನುಂಗಿ, ಮುಂದಿನ ಸುತ್ತಿಗೆ ಹೋಗಿಬಿಡುತ್ತದೆ. ಹಿಂದಿನ ಎಕ್ಸೆಲ್ ಹಾಗೇ ಉಳಿಯಿತು. ಕೆಲವು ಸಲ ಅದು ‘ಸೇವ್ ಮಾಡಲೇ?’ ಅಂತ ಕೇಳಿಕೊಂಡು ಕೂತಿರುತ್ತದೆ. ವಿಂಡೋನೇ ಕಾಣದಿದ್ದರೆ ಉತ್ತರ ಕೊಡುವವರು ಯಾರು ಹೇಳಿ!

ಆ ಲಿಸ್ಟ್ ತೆಗೆದುಹಾಕಿ. ಎಕ್ಸೆಲ್ ಮುಟ್ಟುವ ಎಲ್ಲ ಸಾಲುಗಳನ್ನೂ ಒಂದು ಫಂಕ್ಷನ್ ಒಳಗೆ ತನ್ನಿ, ಫಂಕ್ಷನ್ ಮುಗಿದಾಗ ಹಿಡಿತಗಳೂ ತಾವೇ ಬಿಡುತ್ತವೆ. ‘ಸೇವ್ ಮಾಡಲೇ?’ ಥರದ ಪ್ರಶ್ನೆ ಕೇಳಿಸುವ ‘ಡಿಸ್ಪ್ಲೇ ಅಲರ್ಟ್ಸ್’ ಅನ್ನು ಫಾಲ್ಸ್ ಮಾಡಿ. ವರ್ಕ್‌ಬುಕ್ ಮುಚ್ಚುವುದು, ‘ಕ್ವಿಟ್’ ಎರಡೂ ‘ಫೈನಲಿ’ ಒಳಗಿರಲಿ. ಎರರ್ ಬಂದರೂ ಅಲ್ಲಿಗೆ ಹೋಗಿಯೇ ಹೋಗುತ್ತದೆ.

ಈಗ ಗೆಳೆಯರ ಸಲಹೆ. ‘ಡಿಸ್ಪ್ಯಾಚ್’ ಮೊದಲು ಆಗಲೇ ಓಡುತ್ತಿರುವ ಎಕ್ಸೆಲ್ ಇದೆಯಾ ಅಂತ ನೋಡುತ್ತದೆ. ಇದ್ದರೆ ಅದಕ್ಕೇ ಅಂಟಿಕೊಳ್ಳುತ್ತದೆ. ‘ಡಿಸ್ಪ್ಯಾಚ್‌ಎಕ್ಸ್’ ಆದರೆ ಪ್ರತಿ ಸಲ ಹೊಸದು. ಕೆಲವು ವರ್ಷದ ಹಿಂದೆ ಬಳ್ಳಾರಿಯಲ್ಲಿ ಒಂದು ಜೀನ್ಸ್ ಹೊಲಿಯುವ ಯೂನಿಟ್‌ಗೆ ಕೂಲಿ ಲೆಕ್ಕದ ಸ್ಕ್ರಿಪ್ಟ್ ಮಾಡಿಕೊಟ್ಟಿದ್ದೆ. ‘ಡಿಸ್ಪ್ಯಾಚ್’ ಹಾಕಿದ್ದೆ, ಅಲರ್ಟ್ ಬಂದ್ ಮಾಡಿದ್ದೆ, ಕೊನೆಗೆ ‘ಕ್ವಿಟ್’. ಶನಿವಾರ, ಬಟವಾಡೆ ದಿನ. ಮಾಲೀಕರು ಬೆಳಗ್ಗೆಯಿಂದ ಪೀಸ್ ಲೆಕ್ಕ ಟೈಪ್ ಮಾಡುತ್ತಿದ್ದರು, ಸೇವ್ ಮಾಡಿರಲಿಲ್ಲ. ನನ್ನ ಸ್ಕ್ರಿಪ್ಟ್ ಅವರ ಎಕ್ಸೆಲ್‌ಗೇ ಅಂಟಿಕೊಂಡು, ಒಂದು ಮಾತೂ ಕೇಳದೆ ಮುಚ್ಚಿಬಿಟ್ಟಿತು. ಆವತ್ತು ರಾತ್ರಿ ಹತ್ತರವರೆಗೆ ಅವರ ಪಕ್ಕ ಕೂತು ಪೂರ್ತಿ ಲೆಕ್ಕ ಮತ್ತೆ ಟೈಪ್ ಮಾಡಿದವನು ನಾನೇ.

ನೀವು ಕೇಳಿಲ್ಲ, ಆದರೂ ಕಣ್ಣಿಗೆ ಬಿತ್ತು. ಒಂದೊಂದು ಸೆಲ್‌ಗೂ ಬೇರೆಬೇರೆ ಬರೆಯುತ್ತಿದ್ದೀರಿ. 400 ಚೀಟಿ, 9 ಕಾಲಂ ಅಂದರೆ ಎಕ್ಸೆಲ್ ಬಾಗಿಲಿಗೆ 3,600 ಸಲ ಹೋಗಿ ಬಂದಂತೆ. ಎಲ್ಲ ಸಾಲುಗಳನ್ನೂ ಒಂದು ಟಪಲ್ (ಒಟ್ಟಿಗೆ ಕಟ್ಟಿದ ಪಟ್ಟಿ) ಮಾಡಿ, ಅಷ್ಟೇ ಅಳತೆಯ ‘ರೇಂಜ್’ನ ‘ವ್ಯಾಲ್ಯೂ’ಗೆ ಒಮ್ಮೆಲೇ ಕೊಡಿ. ಒಂದೇ ಸಲಕ್ಕೆ ಮುಗಿಯುತ್ತದೆ.

ಪ್ರಿಂಟ್ ಬೇಕಿಲ್ಲ, ಫೈಲ್ ಸಾಕು ಅನ್ನುವ ದಿನ ಬಂದರೆ ‘ಓಪನ್‌ಪೈಎಕ್ಸ್‌ಎಲ್’ ಅನ್ನುವ ಪೈಥಾನ್ ಲೈಬ್ರರಿ ನೋಡಿ. ಅದಕ್ಕೆ ಎಕ್ಸೆಲ್ಲೇ ಬೇಡ.

ಇವತ್ತಿನ 14 ಎಕ್ಸೆಲ್‌ಗಳನ್ನು ‘ಎಂಡ್ ಟಾಸ್ಕ್’ ಕೊಟ್ಟು ತೆಗೆಯಿರಿ. ಅದಕ್ಕೂ ಮೊದಲು ಅದೇ ಕಂಪ್ಯೂಟರಿನಲ್ಲಿ ನಿಮ್ಮ ಸಾಹುಕಾರರು ಏನಾದರೂ ತೆರೆದಿಟ್ಟಿದ್ದಾರಾ ಕೇಳಿಕೊಳ್ಳಿ.