ಥೆರಪಿ ಫೈಲಿನ ಪ್ರತಿ ಕೇಳುವುದು ಹೇಗೆ?

ಪ್ರಶ್ನೆ: ಖಾಸಗಿ ಕ್ಲಿನಿಕ್ ಒಂದರಲ್ಲಿ ಎರಡು ವರ್ಷ ಮಾತ್ರೆ, ಥೆರಪಿ ಎರಡೂ ನಡೆದಿತ್ತು. ಈಗ ಪುಣೆಗೆ ವರ್ಗವಾಗಿದೆ, ಅಲ್ಲಿನ ಡಾಕ್ಟರು ಹಳೆಯ ದಾಖಲೆ ಕೇಳಿದ್ದಾರೆ. ಕ್ಲಿನಿಕ್ಕಿಗೆ ಫೋನ್ ಮಾಡಿದರೆ ‘ಅದೆಲ್ಲ ಕಾನ್ಫಿಡೆನ್ಷಿಯಲ್, ಕೊಡಲ್ಲ’ ಅಂತಾರೆ. ಏನು ಮಾಡಲಿ?
— ಹೆಸರು ಬೇಡ, ಬೆಂಗಳೂರು

ಉತ್ತರ: ಆ ಗೋಪ್ಯತೆ ಬೇರೆಯವರಿಗೆ ಅನ್ವಯಿಸುತ್ತದೆ, ನಿಮಗಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ನಿಮ್ಮ ವೈದ್ಯಕೀಯ ದಾಖಲೆ ಪಡೆಯುವುದು ನಿಮ್ಮ ಹಕ್ಕು. ಆದರೆ ಫೋನಿನಲ್ಲಿ ಕೇಳಬೇಡಿ. ಆ ಕಡೆ ಮಾತಾಡುವವರಿಗೆ ನೀವೇ ನೀವು ಎಂದು ಖಾತ್ರಿಯಾಗುವ ದಾರಿಯಿಲ್ಲ, ಅವರು ನಿರಾಕರಿಸುವುದು ಸರಿಯೇ. ಕ್ಲಿನಿಕ್ಕಿನ ಮುಖ್ಯ ವೈದ್ಯರ ಹೆಸರಿಗೆ ಪತ್ರ ಬರೆಯಿರಿ. ನಿಮ್ಮ ಥೆರಪಿಸ್ಟ್ ಕೆಲಸ ಬಿಟ್ಟು ಹೋಗಿದ್ದರೂ ಫೈಲು ಕ್ಲಿನಿಕ್ಕಿನದೇ.

ಪತ್ರದಲ್ಲಿ ಫೈಲಿನಲ್ಲಿರುವಂತೆಯೇ ಹೆಸರು, ಹುಟ್ಟಿದ ದಿನಾಂಕ, ನೋಂದಾಯಿಸಿದ ಮೊಬೈಲ್, ಓಪಿ ಸಂಖ್ಯೆ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಹೋಗಿದ್ದಿರಿ ಎಂಬುದಿರಲಿ. ಗುರುತಿನ ಚೀಟಿಯ ನಕಲು ಲಗತ್ತಿಸಿ. ಆಧಾರ್ ಆದರೆ ಮೊದಲ ಎಂಟು ಅಂಕಿ ಮರೆಮಾಡಿ.

ಹೆಚ್ಚಿನವರು ಎಡವುವುದು ‘ಎಲ್ಲ ದಾಖಲೆ ಕೊಡಿ’ ಎಂದು ಬರೆಯುವಲ್ಲಿ. ಹಾಗೆ ಬರೆದರೆ ಕೊನೆಯ ಚೀಟಿಯ ಜೆರಾಕ್ಸ್ ಕೈಗೆ ಬರುತ್ತದೆ, ಇಲ್ಲವೇ ಅರ್ಜಿ ಮೇಜಿನ ಮೇಲೇ ಉಳಿಯುತ್ತದೆ. ಬೇಕಾದ್ದನ್ನು ಬಿಡಿಬಿಡಿಯಾಗಿ ಬರೆಯಿರಿ: ರೋಗನಿರ್ಣಯ, ಕೊಟ್ಟ ಪ್ರತಿ ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಎಂದು ಶುರು, ಎಂದು ನಿಲ್ಲಿಸಿದ್ದು, ಯಾಕೆ, ರಕ್ತ ಪರೀಕ್ಷೆ, ಮಾನಸಿಕ ಪರೀಕ್ಷೆಗಳ ವರದಿ, ಥೆರಪಿಯ ಸಾರಾಂಶ. ಹೊಸ ಡಾಕ್ಟರಿಗೆ ಎಲ್ಲಕ್ಕಿಂತ ಉಪಯೋಗವಾಗುವುದು ‘ಯಾಕೆ ನಿಲ್ಲಿಸಿದ್ದು’ ಎಂಬ ಆ ಸಾಲು. ಅದಿಲ್ಲದಿದ್ದರೆ ನಿಮಗೆ ಒಗ್ಗದ ಮಾತ್ರೆಯನ್ನೇ ಮತ್ತೆ ಬರೆದಾರು. ಲಿಥಿಯಂ ತೆಗೆದುಕೊಂಡಿದ್ದರೆ ರಕ್ತದ ಲಿಥಿಯಂ ಮಟ್ಟ, ಥೈರಾಯ್ಡ್, ಕ್ರಿಯೇಟಿನಿನ್ ವರದಿಗಳನ್ನು ಹೆಸರಿಸಿಯೇ ಕೇಳಿ.

ಥೆರಪಿಸ್ಟ್ ಸೆಷನ್ನಿನಲ್ಲಿ ಗೀಚಿಕೊಂಡ ಟಿಪ್ಪಣಿ ಬೇರೆ ವಿಷಯ. ಅದರಲ್ಲಿ ಅರ್ಧಂಬರ್ಧ ವಾಕ್ಯಗಳಿರುತ್ತವೆ, ನಿಮ್ಮ ಮನೆಯವರ ಬಗೆಗಿನ ಮಾತುಗಳಿರುತ್ತವೆ. ಚಿಕಿತ್ಸೆ ಮುಂದುವರಿಸಲು ಸಾರಾಂಶ ಸಾಕು, ಮೊದಲು ಅದನ್ನೇ ಕೇಳಿ ಎಂಬುದು ನಮ್ಮ ಸಲಹೆ.

ಪತ್ರದ ಎರಡನೇ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಮನೋವೈದ್ಯರು ಎಂಬಿಬಿಎಸ್ ಓದಿದ ವೈದ್ಯರಾದ್ದರಿಂದ 2002ರ ವೈದ್ಯಕೀಯ ನೀತಿ ನಿಯಮಾವಳಿ ಅವರಿಗೆ ಅನ್ವಯಿಸುತ್ತದೆ. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಆಸ್ಪತ್ರೆಯಲ್ಲಿ ದಾಖಲಾಗಿದ್ದವರು ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯಡಿಯ 2018ರ ನಿಯಮಗಳ ‘ಫಾರ್ಮ್ ಎ’ಯಲ್ಲಿ ಅರ್ಜಿ ಕೊಟ್ಟರೆ 15 ದಿನದ ಗಡುವು. ಕೌನ್ಸೆಲರ್ ವೈದ್ಯರಲ್ಲದಿದ್ದರೆ 72 ಗಂಟೆಯ ಮಾತು ಅವರಿಗೆ ತಾಗದು. ಅಂಥಲ್ಲಿ ಮೊದಲ ದಿನ ಸಹಿ ಹಾಕಿದ ಒಪ್ಪಿಗೆ ಪತ್ರ ತೆಗೆದು ನೋಡಿ, ದಾಖಲೆ ಎಷ್ಟು ಕಾಲ ಇಡುತ್ತಾರೆಂದು ಅದರಲ್ಲಿ ಬರೆದಿರಬಹುದು. ತಡ ಮಾಡಬೇಡಿ. ವೈದ್ಯರಿಗಿರುವ ಮೂರು ವರ್ಷದ ಕಡ್ಡಾಯವೂ ಒಳರೋಗಿಗಳ ದಾಖಲೆಗಷ್ಟೇ.

ಓದಿದರೆ ನಿಮ್ಮ ಮನಸ್ಸಿಗೆ ಗಂಭೀರ ಹಾನಿಯಾದೀತು, ಇಲ್ಲವೇ ಇನ್ನೊಬ್ಬರಿಗೆ ಅಪಾಯವಾದೀತು ಎನಿಸಿದ ನಿರ್ದಿಷ್ಟ ಭಾಗವನ್ನು ಅವರು ತಡೆಹಿಡಿಯಬಹುದು. ಅದನ್ನು ನೆಪವಾಗಿಸಿ ಇಡೀ ಫೈಲು ಕೊಡದಿರುವುದು ಸಲ್ಲದು. ತಡೆಹಿಡಿದಾಗ, ಮೆಂಟಲ್ ಹೆಲ್ತ್ ರಿವ್ಯೂ ಬೋರ್ಡ್‌ಗೆ (ಇಂಥ ದೂರು ಕೇಳಲು ಕಾಯ್ದೆಯಡಿ ಇರುವ ಮಂಡಳಿ) ನೀವು ಅರ್ಜಿ ಹಾಕಬಹುದೆಂದು ಅವರೇ ತಿಳಿಸಬೇಕು. ಬೋರ್ಡಿನ ಅರ್ಜಿಗೆ ಶುಲ್ಕವಿಲ್ಲ.

ದಾಖಲೆಯನ್ನು ಮುಚ್ಚಿದ ಲಕೋಟೆಯಲ್ಲಿ ಖುದ್ದಾಗಿ ತೆಗೆದುಕೊಳ್ಳಿ, ಅಥವಾ ಪಾಸ್‌ವರ್ಡ್ ಹಾಕಿದ ಪಿಡಿಎಫ್ ಆಗಿ ಸ್ವಂತ ಇಮೇಲ್‌ಗೆ ತರಿಸಿಕೊಳ್ಳಿ. ಕಂಪನಿಯ ಇಮೇಲ್ ವಿಳಾಸ ಖಂಡಿತ ಬೇಡ.

ಪ್ರಶ್ನೆ: ನನ್ನ ಮಗಳಿಗೆ 22 ವರ್ಷ. ಥೆರಪಿಗೆ ಹೋಗುತ್ತಾಳೆ, ಫೀಸು ಕಟ್ಟುವವಳು ನಾನೇ. ಏನು ಮಾತಾಡುತ್ತಾರೆಂದು ಡಾಕ್ಟರು ನನಗೆ ಹೇಳುವುದೇ ಇಲ್ಲ.
— ಒಬ್ಬ ತಾಯಿ, ದಾವಣಗೆರೆ

ಉತ್ತರ: ನಿಮ್ಮ ಆತಂಕ ಅರ್ಥವಾಗುತ್ತದೆ ಅಮ್ಮ. ಆದರೆ 18 ತುಂಬಿದ ಮೇಲೆ ಫೀಸು ಯಾರೇ ಕಟ್ಟಲಿ, ದಾಖಲೆ ಅವಳದು. ಅವಳಿಗೆ ಇಷ್ಟವಿದ್ದರೆ ಬಿಳಿ ಹಾಳೆಯ ಮೇಲೆ ಬರೆದು ಸಹಿ ಹಾಕಿ ನಿಮ್ಮನ್ನು ತನ್ನ ನಾಮನಿರ್ದೇಶಿತ ಪ್ರತಿನಿಧಿ (ಚಿಕಿತ್ಸೆಯ ವಿಷಯದಲ್ಲಿ ನೆರವಾಗಲು ತಾನೇ ಆರಿಸಿಕೊಂಡವರು) ಮಾಡಬಹುದು. ಆಗ ಆ ಜವಾಬ್ದಾರಿಗೆ ಬೇಕಾದಷ್ಟು ಮಾಹಿತಿಯನ್ನು ನಿಮಗೆ ಕೊಡಲು ಡಾಕ್ಟರಿಗೆ ಅವಕಾಶವಿದೆ. ಹಾಗೆ ಬರೆದುಕೊಡೆಂದು ಒತ್ತಾಯ ಮಾತ್ರ ಮಾಡಬೇಡಿ, ಅವಳು ಅಲ್ಲಿಗೆ ಹೋಗುವುದನ್ನೇ ಬಿಟ್ಟಾಳು.

ಪ್ರಶ್ನೆ: ವಿಚ್ಛೇದನದ ಕೇಸು ನಡೆಯುತ್ತಿದೆ. ನನ್ನ ಕೌನ್ಸೆಲಿಂಗ್ ದಾಖಲೆ ಬೇಕೆಂದು ಗಂಡ ಕ್ಲಿನಿಕ್ಕಿಗೆ ಹೋಗಿದ್ದರಂತೆ. ಕೊಟ್ಟುಬಿಡುತ್ತಾರೆಯೇ?
— ಓದುಗರು, ಹಾಸನ

ಉತ್ತರ: ಗಂಡ ಎಂಬ ಕಾರಣಕ್ಕೆ ಕೊಡುವಂತಿಲ್ಲ, ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 23ನೇ ಸೆಕ್ಷನ್ ಅದನ್ನು ತಡೆಯುತ್ತದೆ. ವಕೀಲರ ನೋಟಿಸ್ ಬಂದರೂ ಅದು ಆದೇಶವಲ್ಲ. ಕಾಯ್ದೆ ಉಲ್ಲಂಘಿಸಿದರೆ ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು, 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ‘ನನ್ನ ಲಿಖಿತ ಒಪ್ಪಿಗೆ ಅಥವಾ ಅಧಿಕಾರವುಳ್ಳವರ ಆದೇಶವಿಲ್ಲದೆ ಯಾರಿಗೂ ಕೊಡಬಾರದು, ಯಾರು ಕೇಳಿದರೂ ನನಗೆ ತಿಳಿಸಿ’ ಎಂದು ಇವತ್ತೇ ಕ್ಲಿನಿಕ್ಕಿಗೆ ಬರೆದುಕೊಡಿ. ನೀವು ಹಿಂದೆ ಬರೆದುಕೊಟ್ಟ ಮುಂಗಡ ನಿರ್ದೇಶನದಲ್ಲಿ (ಮುಂದೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಪತ್ರ) ಗಂಡನೇ ನಾಮನಿರ್ದೇಶಿತ ಪ್ರತಿನಿಧಿ ಎಂದಿದ್ದರೆ ಅದನ್ನು ಈಗಲೇ ಬದಲಾಯಿಸಿ. ಬಹಳ ಜನ ಇದನ್ನು ಮರೆಯುತ್ತಾರೆ. ಇಬ್ಬರೂ ಜೊತೆಯಾಗಿ ಕೂತ ಸೆಷನ್‌ಗಳಿದ್ದರೆ ಅವುಗಳ ಫೈಲು ಬೇರೆಯೇ ಇದೆಯೇ, ನಿಮ್ಮೊಬ್ಬರ ಫೈಲಿನೊಳಗೇ ಸೇರಿದೆಯೇ ಎಂದು ಕೇಳಿ. ಸೇರಿದ್ದರೆ ವಕೀಲರಿಗೆ ಮೊದಲೇ ಹೇಳಿಡಿ.